ಬೀಜದ ಟಗರಿಗೆ ನಾನು ಹಾಕಿದ ಲೆಕ್ಕ

ಆ ಟಗರನ್ನು ತಂದ ದಿನ ನಮ್ಮ ರೊಪ್ಪದ ಮುಂದೆ ಹತ್ತು ಜನ ಸೇರಿದ್ದರು. ಅಸಲಿ ಬಂಡೂರು ತಳಿ. ಗಿಡ್ಡ ಕಾಲು, ಅಗಲ ಎದೆ, ಬಿಳಿ ಮೈ, ಮುಖದ ಮೇಲೆ ಕಂದು ಮಚ್ಚೆ, ಕೊಂಬಿಲ್ಲ. ಹಿಂದೆ ನಿಂತು ನೋಡಿದರೆ ತೊಡೆಗಳು ಬಾಯಿ ಕೆಳಗೆ ಮಾಡಿದ ಲಾಳದ ಹಾಗೆ ಕಾಣುತ್ತಿದ್ದವು. ಬಂಡೂರು ಅಂದರೆ ಎಲ್ಲರೂ ಮೊದಲು ನೋಡುವುದು ಅದನ್ನೇ. ನಾಲ್ಕು ಹಲ್ಲು ಬಂದ ಪ್ರಾಯದ ಟಗರು, 38 ಕೆ.ಜಿ. ತೂಕ. 42,000 ರೂಪಾಯಿ ಕೊಟ್ಟಿದ್ದೆ. ಈ ತಳಿಯ ಟಗರು ಲಕ್ಷ ದಾಟಿ ಮಾರಾಟವಾದ ಸುದ್ದಿ ಪೇಪರಿನಲ್ಲಿ ಓದಿದವರಿಗೆ ಇದು ಅಗ್ಗ ಅನ್ನಿಸಬಹುದು. 32 ತಾಯಿ ಕುರಿ ಇಟ್ಟುಕೊಂಡು ಮಾಂಸಕ್ಕೆ ಮರಿ ಮಾರುವ ನನಗೆ ಅಗ್ಗವಾಗಿರಲಿಲ್ಲ.

ನಮ್ಮದು ಮಳವಳ್ಳಿ ತಾಲ್ಲೂಕು. ಬಂಡೂರು ಅನ್ನುವ ಊರು ಇರುವುದೂ ಇದೇ ತಾಲ್ಲೂಕಿನಲ್ಲಿ. ಹಾಗಾಗಿ ಇಲ್ಲಿ ಎಲ್ಲರಿಗೂ ಟಗರು ನೋಡುವ ಕಣ್ಣಿದೆ, ಅಥವಾ ಇದೆ ಅಂದುಕೊಂಡಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ಕುರಿ ಗೊಡ್ಡಾದರೆ ಒಂದು ಮರಿ ಹೋಗುತ್ತದೆ, ಟಗರು ಕೈಕೊಟ್ಟರೆ ವರ್ಷವೇ ಹೋಗುತ್ತದೆ ಅನ್ನುವುದು ಗೊತ್ತಿತ್ತು. ಕೈಕೊಟ್ಟಿದೆ ಅಂತ ತಿಳಿಯುವುದು ಹೇಗೆ ಅನ್ನುವುದು ಮಾತ್ರ ಗೊತ್ತಿರಲಿಲ್ಲ. ಮೊದಲೆಲ್ಲ ಟಗರನ್ನು ವರ್ಷಪೂರ್ತಿ ಮಂದೆಯಲ್ಲೇ ಬಿಟ್ಟಿರುತ್ತಿದ್ದೆವು. ಮರಿ ಹುಟ್ಟಿದಾಗ ಹುಟ್ಟಿತು. ಯಾವ ಕುರಿ ಎಷ್ಟು ಸಲ ಬೆದೆಗೆ ಬಂತು, ಎಷ್ಟನೇ ಸಲಕ್ಕೆ ಗಬ್ಬ ನಿಂತಿತು ಅಂತ ಕೇಳಿದರೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಈ ಸಲ ದುಡ್ಡು ಹಾಕಿದ್ದೆನಲ್ಲ, ಲೆಕ್ಕ ಇಡೋಣ ಅಂತ ಮಗಳ ಹಳೇ ನೋಟ್‌ಬುಕ್ ತೆಗೆದುಕೊಂಡೆ. ಕುರಿಗಳ ಕಿವಿಗೆ ನಂಬರ್ ಓಲೆ ಹಾಕಿಸಿದೆ. ಸೆಪ್ಟೆಂಬರ್ 10ರವರೆಗೆ ಟಗರನ್ನು ಬೇರೆ ಕಟ್ಟಿದೆ. ಅದಕ್ಕೂ ಆರು ವಾರ ಮೊದಲಿನಿಂದ ದಿನಕ್ಕೆ ಕಾಲು ಕೆ.ಜಿ. ನೆನೆಸಿದ ಹುರುಳಿ, ಜೋಳದ ನುಚ್ಚು, ಮೇಲೆ ಅಗಸೆ ಸೊಪ್ಪು. ಬೆನ್ನಿನ ಮೇಲೆ ಕೈಯಿಟ್ಟರೆ ಮೂಳೆ ಚುಚ್ಚಬಾರದು, ಹಾಗಂತ ಹುಡುಕಿದರೂ ಸಿಗದಷ್ಟು ಕೊಬ್ಬೂ ಇರಬಾರದು. ಕೊಬ್ಬಿದ ಟಗರು ನೆರಳು ಬಿಟ್ಟು ಏಳುವುದಿಲ್ಲ.

ಹಲ್ಲು, ಕಣ್ಣು, ಗೊರಸು ನೋಡುವುದು ಎಲ್ಲರಿಗೂ ಗೊತ್ತಿರುವುದೇ. ಬೀಜದ ವಿಷಯ ಮಾತ್ರ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಾಚಿಕೆಗೋ ಏನೋ, ನಮ್ಮಲ್ಲಿ ಬಹಳ ಜನ ದೂರದಿಂದ ನೋಡಿ ಬಿಟ್ಟುಬಿಡುತ್ತಾರೆ. ಟಗರನ್ನು ಒಬ್ಬರು ಹಿಡಿದುಕೊಳ್ಳಬೇಕು. ಹಿಂದಿನಿಂದ ಕೂತು ಎರಡೂ ಬೀಜಗಳನ್ನು ಮೆತ್ತಗೆ ಕೆಳಗೆ ಇಳಿಸಿ, ಚೀಲದ ಅತಿ ದಪ್ಪ ಜಾಗಕ್ಕೆ ಟೈಲರ್ ಟೇಪು ಸುತ್ತಬೇಕು. ನನ್ನ ಟಗರಿನದು ತಂದಾಗ 27 ಸೆಂ.ಮೀ. ಇತ್ತು. ಅಳತೆಗಿಂತ ಕೈಗೆ ಸಿಗುವ ಗಟ್ಟಿತನ ಮುಖ್ಯ. ಮುಷ್ಟಿ ಬಿಗಿಹಿಡಿದಾಗ ತೋಳಿನ ಮಾಂಸ ಹೇಗೆ ಬಿಗಿಯಾಗುತ್ತದೋ ಆ ಗಟ್ಟಿತನ ಇರಬೇಕು. ಎರಡೂ ಒಂದೇ ಗಾತ್ರ, ಚೀಲದೊಳಗೆ ಸಲೀಸಾಗಿ ಜಾರುವಂತಿರಬೇಕು. ಗಂಟು, ನೋವು, ಬಿಸಿ ಯಾವುದೂ ಇರಬಾರದು. ಆ ದಿನ ಎಲ್ಲ ಸರಿಯಿತ್ತು. ತಪ್ಪು ಮಾಡಿದ್ದು ಎಂದರೆ, ಅದೊಂದೇ ದಿನ ನೋಡಿ ಸುಮ್ಮನಾದೆ.

ಇನ್ನು ಬಣ್ಣ. ಟಗರಿನ ಎದೆಗೆ ಬಣ್ಣ ಹಚ್ಚಿ ಬಿಟ್ಟರೆ ಅದು ಯಾವ ಕುರಿಯ ಮೇಲೆ ಹಾರಿತೋ ಆ ಕುರಿಯ ಸೊಂಟದ ಮೇಲೆ ಗುರುತು ಉಳಿಯುತ್ತದೆ. ಕುರಿ 17 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಗಬ್ಬ ನಿಂತರೆ ಮತ್ತೆ ಬರುವುದಿಲ್ಲ. ಆದ್ದರಿಂದ 17 ದಿನಕ್ಕೊಮ್ಮೆ ಬಣ್ಣ ಬದಲಾಯಿಸಿದರೆ, ಎರಡನೇ ಬಣ್ಣವೂ ಬಿದ್ದ ಕುರಿಗೆ ಮೊದಲ ಸಲ ನಿಂತಿಲ್ಲ ಅಂತ ಅರ್ಥ. ಕಡಿಮೆ ಗಾಢದ್ದು ಮೊದಲು, ಹೆಚ್ಚು ಗಾಢದ್ದು ಆಮೇಲೆ. ನಾನು ಅರಿಶಿನದಿಂದ ಶುರು ಮಾಡಿದೆ. ಎರಡು ದಿನದ ಬಿಸಿಲಿಗೆ ಅರಿಶಿನ ಹಾರಿಹೋಯಿತು, ಮನೆಯವಳು ಡಬ್ಬಿಯನ್ನು ಅಟ್ಟದ ಮೇಲಿಟ್ಟಳು. ಆಮೇಲೆ ಕೆಮ್ಮಣ್ಣನ್ನು ಹರಳೆಣ್ಣೆಯಲ್ಲಿ ಕಲಸಿ, ದೋಸೆ ಹಿಟ್ಟಿಗಿಂತ ಗಟ್ಟಿ ಮಾಡಿ, ಎರಡು ದಿನಕ್ಕೊಮ್ಮೆ ಮುಂಗಾಲುಗಳ ನಡುವೆ ಎದೆಗೆ ಬಳಿದೆ. ಎರಡನೇ ಸುತ್ತಿಗೆ ಬಟ್ಟೆಗೆ ಹಾಕುವ ನೀಲಿ. ಮೂರನೆಯದಕ್ಕೆ ಮಸಿ. ಬಂಡೂರು ಕುರಿಯ ಬಿಳಿ ಮೈಮೇಲೆ ಇವು ದೂರದಿಂದಲೇ ಕಾಣುತ್ತವೆ. ದಿನಾ ಬೆಳಿಗ್ಗೆ ಮೇಯಲು ಬಿಡುವ ಮೊದಲು ಬಾಗಿಲಲ್ಲಿ ನಿಂತು ನಂಬರ್ ಬರೆದುಕೊಳ್ಳುವುದು, ಅಷ್ಟೇ ಕೆಲಸ.

ಮೊದಲ 17 ದಿನದಲ್ಲಿ 32ರಲ್ಲಿ 28 ಕುರಿಗಳಿಗೆ ಕೆಂಪು ಬಿತ್ತು. ಖುಷಿಯೋ ಖುಷಿ. ಸೆಪ್ಟೆಂಬರ್ 27ಕ್ಕೆ ನೀಲಿ ಹಚ್ಚಿದೆ. ಅಕ್ಟೋಬರ್ 13ರ ಹೊತ್ತಿಗೆ ಆ 28ರಲ್ಲಿ 21 ಕುರಿಗಳ ಸೊಂಟ ಕೆಂಪಿನ ಮೇಲೆ ನೀಲಿಯಾಗಿತ್ತು.

ಆ ಪುಟ ಇನ್ನೂ ನನ್ನ ಹತ್ತಿರ ಇದೆ. ಒಂದೊಂದೇ ನಂಬರ್ ಬರೆಯುತ್ತಾ ಹೋದಂತೆ ಅಕ್ಷರ ದೊಡ್ಡದಾಗಿದೆ, ಸಿಟ್ಟಿನಲ್ಲಿ ಬರೆದದ್ದು. ಬಂದ ಕುರಿಯನ್ನು ಒಂದನ್ನೂ ಬಿಡದೆ ಹಾರುತ್ತಿದ್ದ ಟಗರು, ನಾಲ್ಕರಲ್ಲಿ ಮೂರಕ್ಕೆ ಗಬ್ಬ ನಿಲ್ಲಿಸಿರಲಿಲ್ಲ. ಹುಮ್ಮಸ್ಸಿಗೂ ಬೀಜಕ್ಕೂ ಸಂಬಂಧವೇ ಇಲ್ಲ ಅನ್ನುವುದು ಅವತ್ತೇ ತಿಳಿದಿದ್ದು. ಬಣ್ಣ ಬದಲಾಯಿಸದೆ ಕೆಂಪು ಒಂದನ್ನೇ ಹಚ್ಚುತ್ತಿದ್ದರೆ ಇದು ನನಗೆ ಫೆಬ್ರವರಿಯಲ್ಲಿ ಮರಿ ಬೀಳದೆ ಇದ್ದಾಗ ಗೊತ್ತಾಗುತ್ತಿತ್ತು.

ಪಕ್ಕದ ಹೊಲದ ದೊಡ್ಡಪ್ಪ ಬೇಲಿ ಮೇಲಿಂದ ಹೇಳಿದರು: "ಮೈ ನೋಡ್ಬುಟ್ಟು ಕಾಸು ಸುರಿದೆ ಕಣ್ಲಾ. ಬಕ್ರೀದ್ ತನಕ ಮೇಯ್ಸಿ ಕೊಟ್ಬುಡು."

ಕೊಟ್ಟುಬಿಡುತ್ತಿದ್ದೆನೋ ಏನೋ. ತಡೆದದ್ದು ಪಶು ಡಾಕ್ಟ್ರು. ಅವರು ಬಂದು ಟಗರನ್ನು ಹಿಂದಿನಿಂದ ಮುಟ್ಟಿ ನೋಡಿದ ಕೂಡಲೇ ಕೇಳಿದ ಮೊದಲ ಪ್ರಶ್ನೆ, "ಇದಕ್ಕೆ ಇತ್ತೀಚೆಗೆ ಜ್ವರ ಬಂದಿತ್ತಾ?" ಬಂದಿತ್ತು. ಆಗಸ್ಟ್ ಎರಡನೇ ವಾರ ತುಟಿ ಊದಿ, ಜೊಲ್ಲು ಸುರಿಸಿ, ಕುಂಟಿಕೊಂಡು ಮೂರು ದಿನ ಮೇವು ಬಿಟ್ಟಿತ್ತು. ನೀಲಿ ನಾಲಿಗೆ ರೋಗ. ಮಳೆಗಾಲದಲ್ಲಿ ಕೆಸರಲ್ಲಿ ಹುಟ್ಟುವ ಸಣ್ಣ ಗುಂಗಾಡುಗಳಿಂದ ಹರಡುವಂಥದ್ದು. ಇಂಜೆಕ್ಷನ್ ಕೊಡಿಸಿದೆ, ವಾಸಿಯಾಯಿತು, ಮೇಯತೊಡಗಿತು, ಮರೆತೆ. ನೋಟ್‌ಬುಕ್‌ನಲ್ಲಿ ಬರೆದಿರಲೂ ಇಲ್ಲ.

ಡಾಕ್ಟ್ರು ಹೇಳಿದ್ದು ಇಷ್ಟು. ಬೀಜ ಹೊಟ್ಟೆಯ ಹೊರಗೆ ತೂಗಾಡುವುದೇ ಅದು ಮೈಗಿಂತ ತಂಪಾಗಿರಬೇಕು ಅಂತ. ಜೋರು ಜ್ವರ ಬಂದರೆ ಒಳಗೆ ತಯಾರಾಗುತ್ತಿರುವ ವೀರ್ಯ ಕೆಡುತ್ತದೆ. ಹೊಸದು ತಯಾರಾಗಲು ಏಳು ವಾರ ಬೇಕು, ಅದು ನಾಳದಲ್ಲಿ ಬಲಿತು ಹೊರಬರಲು ಇನ್ನೂ ಹತ್ತು ಹದಿನೈದು ದಿನ. ನಾನು ಕ್ಯಾಲೆಂಡರ್ ಮುಂದೆ ನಿಂತು ಎಣಿಸಿದೆ. ಆಗಸ್ಟ್ ಹನ್ನೆರಡರಿಂದ ಹಿಡಿದರೆ ಅಕ್ಟೋಬರ್ ಮಧ್ಯಕ್ಕೆ ಬಂತು. ಅಂದರೆ ನಾನು ಟಗರನ್ನು ಬಿಟ್ಟ ಹೊತ್ತಿಗೆ ಅದರ ಬೀಜದಲ್ಲಿ ದಮ್ಮಿರಲಿಲ್ಲ. ಟೇಪು ಹಾಕಿ ನೋಡಿದೆವು, 24.5 ಸೆಂ.ಮೀ. ಮುಟ್ಟಿದರೆ ಮಾಗಿದ ಸಪೋಟದಂತೆ ಮೆತ್ತಗೆ. ಬಿಡುವ ಹಿಂದಿನ ದಿನ ಒಂದು ಸಲ ಕೈಹಾಕಿದ್ದರೆ ನನಗೇ ತಿಳಿಯುತ್ತಿತ್ತು.

ಮಾರಲಿಲ್ಲ. ಮೂರನೇ ಸುತ್ತಿಗೆ ಮಸಿ ಹಚ್ಚಿದೆ. ಆ ಸುತ್ತು ಮುಗಿದಾಗ ಮಂದೆಯ ಲೆಕ್ಕ ಹೀಗಿತ್ತು: ಮೊದಲ ಸುತ್ತಿನಲ್ಲಿ ನಿಂತವು 7. ಎರಡನೇ ಸುತ್ತಿನಲ್ಲಿ ಹಾರಿಸಿಕೊಂಡವು 24 (ಹಳೇ 21, ಹೊಸದಾಗಿ 3), ಅದರಲ್ಲಿ 15 ಮತ್ತೆ ತಿರುಗಿದವು, ಅಂದರೆ ಗಬ್ಬ ನಿಲ್ಲದೆ ಮತ್ತೆ ಬೆದೆಗೆ ಬಂದವು, 9 ನಿಂತವು. ಮೂರನೇ ಸುತ್ತಾದ ಮೇಲೆ ಟಗರಿನ ಹೊಟ್ಟೆಗೆ ಗೋಣಿತಟ್ಟಿನ ಪಟ್ಟಿ ಕಟ್ಟಿ ಇನ್ನೂ 17 ದಿನ ಬಿಟ್ಟೆ. ಹಾರಿದರೂ ಕೆಲಸ ನಡೆಯುವುದಿಲ್ಲ, ಗುರುತು ಮಾತ್ರ ಬೀಳುತ್ತದೆ. ಆ 15ರಲ್ಲಿ ತಿರುಗಿದ್ದು ಬರೀ 3. ಟಗರು ತಿರುಗಿ ದಾರಿಗೆ ಬಂದಿತ್ತು.

ಒಟ್ಟು 28 ಗಬ್ಬ. ಒಂದು ದಿನ ತುಂಬದೆ ಕಂದು ಹಾಕಿತು. 27 ಈದವು, ಎರಡು ಜವಳಿ, ಹಾಗಾಗಿ 29 ಮರಿ. ಈ ಅಂಕಿ ಮಾತ್ರ ನೋಡಿದವರು "ಪರವಾಗಿಲ್ವಲ್ಲ" ಅಂದರು. ಪರವಾಗಿಲ್ಲ ಅನ್ನುವಂತಿರಲಿಲ್ಲ. ಕುರಿ ಸುಮಾರು 150 ದಿನಕ್ಕೆ ಈಯುತ್ತದೆ. ಫೆಬ್ರವರಿಯಲ್ಲಿ ಬೀಳಬೇಕಿದ್ದ ಮರಿಗಳಲ್ಲಿ ಹನ್ನೊಂದು ಮಾರ್ಚ್ ಕೊನೆಯ ಎರಡು ವಾರದಲ್ಲಿ ಬಿದ್ದವು. ಬಿಸಿಲು, ಹಸಿ ಮೇವಿಲ್ಲ, ತಾಯಿಗಳಿಗೆ ಹಾಲಿಲ್ಲ. ಒಂದೇ ಸಲಕ್ಕೆ ವ್ಯಾಪಾರಿಗೆ ತೋರಿಸುವಂತೆ ಒಂದೇ ಗಾತ್ರದ ಮರಿ ಆಗಲಿಲ್ಲ, ಮೂರು ಸಲ ಮಾರಬೇಕಾಯಿತು. ಹಾಗಾಗಿ ಎಷ್ಟು ಮರಿ ಅನ್ನುವುದಕ್ಕಿಂತ ಮೊದಲ 17 ದಿನದಲ್ಲಿ ಎಷ್ಟು ನಿಂತವು ಅನ್ನುವುದನ್ನೇ ನಾನು ಈಗ ಮೊದಲು ನೋಡುತ್ತೇನೆ.

ಮರಿಗಳ ತೂಕದ ವಿಷಯಕ್ಕೆ ಬರುತ್ತೇನೆ. ಹುಟ್ಟಿದ ದಿನವೇ ಚೀಲದಲ್ಲಿ ಹಾಕಿ ತೂಗುತಕ್ಕಡಿಗೆ ನೇತುಹಾಕುವುದು, ಮೂರು ತಿಂಗಳಿಗೆ ಮತ್ತೊಮ್ಮೆ. ಎಲ್ಲವನ್ನೂ ಸರಿಯಾಗಿ ತೊಂಬತ್ತನೇ ದಿನವೇ ತೂಗಲು ಆಗುವುದಿಲ್ಲ, ಆದ್ದರಿಂದ ಒಂದೇ ಅಳತೆಗೆ ತರಬೇಕು. 2.4 ಕೆ.ಜಿ. ಇದ್ದ ಮರಿ 97ನೇ ದಿನ 13.1 ತೂಗಿತು. ಏರಿದ್ದು 10.7. ಅದನ್ನು 97ರಿಂದ ಭಾಗಿಸಿ 90ರಿಂದ ಗುಣಿಸಿ ಹುಟ್ಟಿದ ತೂಕ ಕೂಡಿಸಿದರೆ 12.3. ಇದು ಅದರ 90 ದಿನದ ತೂಕ. ಗಂಡನ್ನು ಗಂಡಿನ ಜೊತೆ, ಹೆಣ್ಣನ್ನು ಹೆಣ್ಣಿನ ಜೊತೆ, ಜವಳಿಯನ್ನು ಜವಳಿಯ ಜೊತೆ ಹೋಲಿಸಬೇಕು. ಚೊಚ್ಚಲ ಕುರಿಯ ಮರಿ ಸಣ್ಣದಾದರೆ ಅದಕ್ಕೆ ಟಗರನ್ನು ಬೈಯಬಾರದು.

ಎರಡನೇ ವರ್ಷ ಭಾವಮೈದುನನ ಟಗರನ್ನು ಎರವಲು ತಂದೆ. ಅದೂ ಬಂಡೂರೇ, ಆದರೆ ಕಾಲು ಉದ್ದ, ಮುಖ ಒರಟು, ಯಾರೂ ನಿಂತು ನೋಡುವಂಥದ್ದಲ್ಲ. ಗೊಡ್ಡು ಬಿದ್ದ ಕುರಿಗಳನ್ನು ಮಾರಿ ಎರಡು ಹಲ್ಲಿನ ಎಳೆ ಕುರಿಗಳನ್ನು ಸೇರಿಸಿಕೊಂಡು ಮತ್ತೆ 32 ಮಾಡಿದೆ. ಹಲ್ಲಿನ ಪ್ರಕಾರ ಗುಂಪು ಮಾಡಿ, ಚೀಟಿ ಎತ್ತಿ, 16-16 ಹಂಚಿದೆ. ಚೀಟಿ ಯಾಕೆಂದರೆ, ನಾನೇ ಆರಿಸಿದ್ದರೆ ಒಳ್ಳೆಯ ಕುರಿಗಳು ನನ್ನ ಟಗರಿನ ಕಡೆ ತಾವಾಗಿಯೇ ನಡೆದುಬಿಡುತ್ತಿದ್ದವು. ಮಳೆಗೆ ಮೊದಲೇ ಎಲ್ಲಕ್ಕೂ ನೀಲಿ ನಾಲಿಗೆಯ ಲಸಿಕೆ ಹಾಕಿಸಿದ್ದೆ, ಟಗರುಗಳ ಬೀಜವನ್ನು ವಾರಕ್ಕೊಮ್ಮೆ ಮುಟ್ಟಿ ನೋಡುತ್ತಿದ್ದೆ.

ನನ್ನ ಟಗರು ಮೊದಲ ಸುತ್ತಿನಲ್ಲಿ 14 ಹಾರಿತು, 3 ತಿರುಗಿದವು. ಭಾವಮೈದುನನದು 13 ಹಾರಿತು, 4 ತಿರುಗಿದವು. ಕೊನೆಗೆ ಎರಡೂ ಕಡೆ 15 ಕುರಿ ಈದವು, 90 ದಿನ ಮುಟ್ಟಿದ ಮರಿ ತಲಾ 16. ಗಬ್ಬದಲ್ಲಿ ಸಮ. ತೂಕದಲ್ಲಿ ನನ್ನದರ ಮರಿಗಳ ಸರಾಸರಿ 11.6, ಅದರದು 12.4. ಎಂಟುನೂರು ಗ್ರಾಂ ವ್ಯತ್ಯಾಸ. ಭಾವಮೈದುನ ಊರೆಲ್ಲ ಹೇಳಿಕೊಂಡು ಬಂದ.

ನಾನು ಪುಟ ತಿರುವಿದೆ. ನನ್ನ ಕಡೆ ಎರಡು ಮರಿ ಭೇದಿ ಹತ್ತಿ ಸೊರಗಿದ್ದವು, 7.4 ಮತ್ತು 7.6. ಅವೆರಡನ್ನು ಬದಿಗಿಟ್ಟರೆ ಉಳಿದ 14ರ ಸರಾಸರಿ 12.2. ವ್ಯತ್ಯಾಸ 200 ಗ್ರಾಂಗೆ ಇಳಿಯಿತು. ಹದಿನಾರು ಮರಿಯ ಲೆಕ್ಕದಲ್ಲಿ ಎರಡು ಮರಿಗೆ ಇಷ್ಟು ಶಕ್ತಿ ಇರುತ್ತದೆ. ಸಣ್ಣ ಮಂದೆಯಲ್ಲಿ ತೂಕ ನೋಡಿ ಟಗರಿಗೆ ಟಗರನ್ನು ತೂಗುವುದು ಅಷ್ಟು ಸುಲಭವಲ್ಲ ಅಂತ ನನ್ನ ಅಭಿಪ್ರಾಯ. ಒಂದು ವರ್ಷಕ್ಕೆ ಧೈರ್ಯವಾಗಿ ಹೇಳಬಹುದಾದದ್ದು ಗಬ್ಬ ನಿಲ್ಲಿಸುತ್ತದೋ ಇಲ್ಲವೋ, ಕಾಲು ಗಟ್ಟಿಯಿದೆಯೋ, ಈಯುವಾಗ ತೊಂದರೆಯಾಯಿತೋ, ಇಷ್ಟೇ. ಭಾವಮೈದುನ ಇದನ್ನು ಇನ್ನೂ ಒಪ್ಪಿಲ್ಲ.

ಮಾರುವಾಗ ಇನ್ನೊಂದು ತಮಾಷೆ. ಮಾಂಸದ ವ್ಯಾಪಾರಿ ಎರಡೂ ಕಡೆಯ ಗಂಡು ಮರಿಗಳಿಗೆ ಒಂದೇ ದರ ಕಟ್ಟಿದ. ಸಾಕುವುದಕ್ಕೆ ಕೇಳಿಕೊಂಡು ಬಂದವರು ನನ್ನ ಟಗರಿನ ಹೆಣ್ಣುಮರಿಗಳನ್ನೇ ಆರಿಸಿಕೊಂಡರು. ಮುಖದ ಮಚ್ಚೆ, ಗಿಡ್ಡ ಕಾಲು. ದುಡ್ಡು ಬರುವುದು ಎರಡು ಬಾಗಿಲಿಂದ, ಎರಡಕ್ಕೂ ಅಳತೆ ಬೇರೆ ಬೇರೆ.

ಎರಡು ವರ್ಷವಾದ ಮೇಲೆ ಟಗರನ್ನು ಬದಲಾಯಿಸಲೇಬೇಕಾಗಿತ್ತು. ಮೊದಲ ವರ್ಷದ ಹೆಣ್ಣುಮರಿಗಳು ಬೆದೆಗೆ ಬರುತ್ತಿದ್ದವು, ಅಪ್ಪನನ್ನು ಮಗಳ ಮೇಲೆ ಬಿಡಲಾಗದು. ಕನಕಪುರ ಕಡೆಯ ಕುರಿಯವರೊಬ್ಬರು ತಮ್ಮ ಟಗರಿಗೆ ಬದಲು ಇದನ್ನು ಒಯ್ಯಲು ಬಂದರು. ನೋಟ್‌ಬುಕ್ ಮುಂದಿಟ್ಟೆ. ಎರಡು ಪುಟ ತಿರುವಿ ಮಡಿಚಿದರು. ಆಮೇಲೆ ಟಗರಿನ ಮುಖ ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ, ಮಚ್ಚೆ ಎರಡೂ ಕಡೆ ಸಮ ಇದೆಯಾ ಅಂತ ಬಹಳ ಹೊತ್ತು ನೋಡಿದರು.

ನಾನು ಜೇಬಿನಿಂದ ಟೇಪು ತೆಗೆದು ಕೊಟ್ಟೆ.

"ಎಲ್ಲಿ ಅಳೀಬೇಕು ಅಣ್ಣ?" ಅಂದರು.