ಸೆಣಬಿನ ನಾರಿನಂಥ ಗೆರೆ

ಹಾಂಗ್‌ಝೌನಲ್ಲಿ ಚೀನೀ ಭೂದೃಶ್ಯ ಚಿತ್ರಕಲೆಯನ್ನು ಕಲಿಯತೊಡಗಿದ ಮೊದಲ ಆರು ತಿಂಗಳು ಗುರುಗಳು ನನಗೆ ಒಂದು ಬೆಟ್ಟವನ್ನೂ ಬರೆಯಗೊಡಲಿಲ್ಲ. ಮಸಿಯ ಕಡ್ಡಿಯನ್ನು ನಮ್ಮಲ್ಲಿ ಗಂಧ ತೇಯುವ ಹಾಗೆ ಕಲ್ಲಿನ ಮೇಲೆ ನೀರು ಹನಿಸಿ ತೇಯುವುದು, ಅದೊಂದೇ ಮಸಿಯಲ್ಲಿ ಕಾಡಿಗೆಗಪ್ಪಿನಿಂದ ತೆಳುಮಂಜಿನವರೆಗಿನ ಛಾಯೆಗಳನ್ನು ಪಡೆಯುವುದು, ಇಷ್ಟೇ ನನ್ನ ಅಭ್ಯಾಸವಾಗಿತ್ತು. ಆಮೇಲೆ ಅವರು ಹುವಾಂಗ್ ಗೊಂಗ್‌ವಾಂಗನ ‘ಫುಚುನ್ ಬೆಟ್ಟಗಳಲ್ಲಿ ವಾಸ’ ಎಂಬ ಸುರುಳಿಚಿತ್ರದ ಮುದ್ರಿತ ಪ್ರತಿಯನ್ನು ಹಾಸಿ, ನಕಲು ಮಾಡಲು ಹೇಳಿದರು.

1269ರಲ್ಲಿ ಹುಟ್ಟಿದ ಹುವಾಂಗ್, ಚೀನಾವನ್ನಾಳಿದ ಮಂಗೋಲರ ಯುವಾನ್ ವಂಶದ ಆಳ್ವಿಕೆಯಲ್ಲಿ ಸಣ್ಣ ನೌಕರನಾಗಿದ್ದು, ಮೇಲಧಿಕಾರಿಯ ಪ್ರಕರಣದಲ್ಲಿ ಸಿಲುಕಿ ಸೆರೆಮನೆ ಕಂಡವನು. ಮುಂದೆ ಚೀನಾದ ಪ್ರಾಚೀನ ಧರ್ಮವಾದ ದಾವ್ ಪಂಥವನ್ನು ಸೇರಿ, ಭವಿಷ್ಯ ಹೇಳಿ ಜೀವನ ಸಾಗಿಸಿದನು. ಈ ಸುರುಳಿಯನ್ನು ಆರಂಭಿಸಿದಾಗ ಆತನಿಗೆ ಎಪ್ಪತ್ತೆಂಟರ ಆಸುಪಾಸು. ಮೂರು ನಾಲ್ಕು ವರ್ಷ ಕಳೆದರೂ ಚಿತ್ರ ಮುಗಿದಿಲ್ಲವೆಂದು 1350ರಲ್ಲಿ ಆತನೇ ಅದರ ಮೇಲೆ ಬರೆದಿದ್ದಾನೆ.

ಆ ಬೆಟ್ಟಗಳ ಮೈಯೆಲ್ಲ ಸೆಣಬಿನ ನಾರನ್ನು ಬಿಡಿಸಿ ಹರವಿದಂಥ ಉದ್ದನೆಯ, ಮೆತ್ತನೆಯ ಗೆರೆಗಳಿಂದ ಆಗಿದೆ. ನೋಡಲು ಸುಲಭವೆನಿಸುವ ಈ ಗೆರೆಯೇ ನನ್ನನ್ನು ಬಹುಕಾಲ ಕಾಡಿತು. ಚೀನೀ ಚಿತ್ರಕಾರರು ಬಳಸುವ, ಅಂಟು ಹಾಕದ ಷುವಾನ್ ಎಂಬ ಕಾಗದವು ನೀರನ್ನು ಕೂಡಲೇ ಹೀರುವುದರಿಂದ, ಕುಂಚ ತುಸು ಒದ್ದೆಯಾಗಿದ್ದರೂ ಗೆರೆ ಹರಡಿ ಕಲೆಯಾಗುತ್ತಿತ್ತು. ಹೆದರಿ ಒಣಕುಂಚದಿಂದ ಬಿಗಿಯಾಗಿ ಎಳೆದರೆ ಬೆಟ್ಟವು ತಂತಿ ಸುತ್ತಿದಂತೆ ಕಾಣುತ್ತಿತ್ತು. ಕುಂಚವನ್ನು ಬಟ್ಟೆಗೊಮ್ಮೆ ಒತ್ತಿ, ನೆಟ್ಟಗೆ ಹಿಡಿದು, ಅದರ ತುದಿ ಗೆರೆಯ ನಡುವಿನಲ್ಲೇ ಸಾಗುವಂತೆ ಭುಜದಿಂದ ಎಳೆಯಬೇಕೆಂದು ಗುರುಗಳು ನನ್ನ ಕೈ ಹಿಡಿದು ತೋರಿಸಿದರು. ಮೊದಲು ತೆಳುಮಸಿ, ಅದು ಆರಿದ ಮೇಲೆ ಅದರ ಮೇಲೊಂದಿಷ್ಟು ಗಾಢ ಗೆರೆಗಳು, ಪಾಚಿಯ ಚುಕ್ಕೆಗಳು ಕಟ್ಟಕಡೆಗೆ. ಹುವಾಂಗನಿಗೆ ಅಷ್ಟು ವರ್ಷಗಳೇಕೆ ಬೇಕಾದವೆಂಬುದು ನನಗೆ ಆಗ ಕೈಯಿಂದಲೇ ತಿಳಿಯಿತು.

ಕುಂಚವನ್ನು ಚೀಲದಲ್ಲಿಟ್ಟುಕೊಂಡೇ ತಿರುಗಾಡಿ, ವಿಚಿತ್ರವಾದ ಮರ ಕಂಡಲ್ಲಿ ಅದನ್ನು ಬರೆದುಕೊಳ್ಳಬೇಕೆಂಬುದು ಹುವಾಂಗನ ಸಲಹೆ. ಅದರಂತೆ ನಾನು ಫುಚುನ್ ನದಿಯ ದಂಡೆಗೆ ಹಲವು ಬಾರಿ ಹೋದೆ. ಅಲ್ಲಿ ಬೆಟ್ಟಗಳನ್ನು ನೋಡಿ ಬಂದ ಮೇಲೆ, ಗೆರೆಯು ಬೆಟ್ಟದ ನೆತ್ತಿಯಿಂದ ಮಳೆನೀರು ಇಳಿಯುವ ದಾರಿಯನ್ನೇ ಹಿಡಿಯಬೇಕೆಂಬುದು ಸ್ಪಷ್ಟವಾಯಿತು.

1650ರಲ್ಲಿ ಈ ಸುರುಳಿಯ ಒಡೆಯನೊಬ್ಬ ಸಾಯುವ ಮುನ್ನ ಅದನ್ನು ಬೆಂಕಿಗೆ ಹಾಕಿಸಿದನು. ಬಂಧುವೊಬ್ಬ ಅದನ್ನು ಹೊರಗೆಳೆದು ಉಳಿಸಿದರೂ ಅದು ಎರಡು ತುಂಡಾಯಿತು. 51.4 ಸೆಂಟಿಮೀಟರಿನ ಚಿಕ್ಕ ತುಂಡು ಹಾಂಗ್‌ಝೌನಲ್ಲಿದೆ, ಆರು ಮೀಟರಿಗೂ ಉದ್ದದ್ದು ತೈಪೆಯಲ್ಲಿದೆ. ಚಿಕ್ಕದನ್ನು ನಾನು ಮೂರು ಸಲ ನಕಲು ಮಾಡಿದ್ದೇನೆ. ದೊಡ್ಡದರಲ್ಲಿ ಈಗ ಎರಡು ಮೀಟರ್ ತಲುಪಿ, ನದಿಗಾಗಿ ಬರಿದೇ ಬಿಟ್ಟ ಕಾಗದದ ಎದುರು ಕುಳಿತಿದ್ದೇನೆ.