ಹಳೆಯ ಹೈಬ್ರಿಡ್ ಬ್ಯಾಟರಿಯನ್ನು ಮನೆಯಲ್ಲಿ ಪುನಶ್ಚೇತನಗೊಳಿಸುವ ಕ್ರಮ

ಹತ್ತು ಹನ್ನೆರಡು ವರ್ಷ ಓಡಿದ ಹೈಬ್ರಿಡ್ ಕಾರಿನಲ್ಲಿ ಪರದೆಯ ಮೇಲಿನ ಬ್ಯಾಟರಿ ಚಿತ್ರ ಕೆಲವೇ ನಿಮಿಷಗಳಲ್ಲಿ ಪೂರ್ತಿ ತುಂಬಿ, ಒಂದು ಸಣ್ಣ ಏರು ಹತ್ತುವಷ್ಟರಲ್ಲಿ ಬರಿದಾಗತೊಡಗಿದರೆ, ಬ್ಯಾಟರಿಗೆ ವಯಸ್ಸಾಗಿದೆಯೆಂದು ತಿಳಿಯಬೇಕು. ಹಿಂದಿನ ಸೀಟಿನ ಬಳಿಯ ಫ್ಯಾನ್ ಮೊದಲಿಗಿಂತ ಜೋರಾಗಿ ತಿರುಗುತ್ತದೆ, ಎಂಜಿನ್ ಮೇಲಿಂದ ಮೇಲೆ ಚಾಲೂ ಆಗುತ್ತದೆ, ಕೊನೆಗೊಂದು ದಿನ ಕೆಂಪು ತ್ರಿಕೋನ ಹೊತ್ತಿಕೊಳ್ಳುತ್ತದೆ. ಕಾರಿನ ಕಂಪ್ಯೂಟರಿನ ದೋಷಸಂಕೇತ ಓದುವ ಸ್ಕ್ಯಾನರ್ ಜೋಡಿಸಿದರೆ ಸಾಮಾನ್ಯವಾಗಿ ಪಿ0ಎ80 ಎಂಬ ಕೋಡ್ ಸಿಗುತ್ತದೆ. ಇಡೀ ಬ್ಯಾಟರಿಯನ್ನೇ ಬದಲಿಸಬೇಕೆಂದು ಈ ಕೋಡ್ ಸೂಚಿಸುತ್ತದಾದರೂ ಒಳಗೆ ನಿಜವಾಗಿ ಕೆಟ್ಟಿರುವುದು ಅನೇಕ ಸಲ ಎರಡು ಮೂರು ಮಾಡ್ಯೂಲ್, ಅಂದರೆ ಬ್ಯಾಟರಿಯೊಳಗಿನ ಚಿಕ್ಕ ಘಟಕ ಮಾತ್ರ. ಮನೆಯಲ್ಲಿ ಮಾಡಬಹುದಾದ ಪುನಶ್ಚೇತನ ಈ ಸಂಗತಿಯನ್ನೇ ಆಧರಿಸಿದೆ.

ಇಲ್ಲಿ ಹೇಳುವುದು ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿಗಳಿಗೆ ಮಾತ್ರ ಅನ್ವಯಿಸುತ್ತದೆ. 2004ರಿಂದ 2009ರವರೆಗಿನ ಎರಡನೇ ಪೀಳಿಗೆಯ ಟೊಯೋಟಾ ಪ್ರಿಯಸ್ ಮಾದರಿಯನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ. ಅದರಲ್ಲಿ 7.2 ವೋಲ್ಟಿನ 28 ಮಾಡ್ಯೂಲ್‌ಗಳು ಸರಣಿಯಲ್ಲಿ ಜೋಡಣೆಯಾಗಿ 201.6 ವೋಲ್ಟ್ ಆಗುತ್ತವೆ. ಪ್ರತಿ ಮಾಡ್ಯೂಲಿನೊಳಗೆ ಆರು ಸೆಲ್‌ಗಳಿದ್ದು, ಹೊಸದರಲ್ಲಿ ಅದರ ಸಾಮರ್ಥ್ಯ 6.5 ಆಂಪಿಯರ್-ಗಂಟೆ. 2013ರಿಂದ ನಮ್ಮ ಬಿಡದಿಯಲ್ಲೇ ಜೋಡಣೆಯಾದ ಕ್ಯಾಮ್ರಿ ಹೈಬ್ರಿಡ್‌ನಲ್ಲಿಯೂ ಇದೇ ಬಗೆಯ 34 ಮಾಡ್ಯೂಲ್‌ಗಳಿದ್ದು, ಒಟ್ಟು 244.8 ವೋಲ್ಟ್ ಆಗುತ್ತದೆ. ಅಲ್ಲಿಯೂ ಕೆಲಸದ ಕ್ರಮ ಬೇರೆಯಲ್ಲ. ಲಿಥಿಯಂ ಬ್ಯಾಟರಿಯಿರುವ ಹೈಬ್ರಿಡ್‌ಗಳಲ್ಲಿ ಈ ವಿಧಾನವನ್ನು ಎಂದಿಗೂ ಪ್ರಯೋಗಿಸಬಾರದು, ಏಕೆಂದರೆ ಅವು ಬೆಂಕಿ ಹತ್ತಿಕೊಳ್ಳಬಲ್ಲವು. ವಾರಂಟಿ ಉಳಿದಿರುವ ಕಾರಿನ ಬ್ಯಾಟರಿಯನ್ನೂ ತೆರೆಯಬೇಡಿ.

ಏನನ್ನೂ ಬಿಚ್ಚುವ ಮೊದಲು ತಂಪುಗೊಳಿಸುವ ಫ್ಯಾನ್ ನೋಡಿ. ಹಿಂದಿನ ಸೀಟಿನ ಪಕ್ಕದ ಜಾಲರಿಯಿಂದ ಒಳಗಿನ ಗಾಳಿಯನ್ನು ಎಳೆದುಕೊಂಡು ಅದು ಬ್ಯಾಟರಿಯ ಮೇಲೆ ಹಾಯಿಸುತ್ತದೆ. ಆ ದಾರಿಯಲ್ಲಿ ದೂಳು, ಕೂದಲು, ಬಟ್ಟೆಯ ನೂಲು ಸೇರಿ ಫ್ಯಾನಿನ ರೆಕ್ಕೆಗಳ ಮೇಲೆ ಕಂಬಳಿಯಂತೆ ಕೂತಿರುತ್ತದೆ. ಬ್ಯಾಟರಿಯ ಆಯುಸ್ಸನ್ನು ತಿನ್ನುವುದು ಓಡಿದ ದೂರಕ್ಕಿಂತ ಶಾಖವೇ ಹೆಚ್ಚು. ಆದ್ದರಿಂದ ಫ್ಯಾನ್ ಶುಚಿ ಮಾಡದೆ ಒಳಗಿನ ಮಾಡ್ಯೂಲ್‌ಗಳಿಗೆ ಎಷ್ಟು ಆರೈಕೆ ಮಾಡಿದರೂ ಮುಂದಿನ ಬೇಸಿಗೆಯಲ್ಲಿ ಅದೇ ದೋಷ ಮರಳುತ್ತದೆ.

ವಿದ್ಯುತ್ತಿನಿಂದ ಸುರಕ್ಷತೆ

ಈ ಹಂತವನ್ನು ಓದುಗರು ಎರಡು ಸಲ ಓದಬೇಕೆಂದು ಕೋರುತ್ತೇನೆ. ಇನ್ನೂರು ವೋಲ್ಟಿನ ನೇರ ವಿದ್ಯುತ್ತು ಮನುಷ್ಯನನ್ನು ಕೊಲ್ಲಬಲ್ಲದು. 1000 ವೋಲ್ಟಿಗೆ ಪ್ರಮಾಣಿತವಾದ ಲೈನ್‌ಮನ್ ರಬ್ಬರ್ ಕೈಗವಸು, ಅದರ ಮೇಲೆ ತೊಗಲಿನ ಕೈಗವಸು, ಕಣ್ಣಿಗೆ ಕನ್ನಡಕ, ಹಿಡಿಯವರೆಗೂ ಇನ್ಸುಲೇಶನ್ ಇರುವ ಸಲಕರಣೆ ಇಲ್ಲದಿದ್ದರೆ ಕೆಲಸಕ್ಕೆ ಕೈಹಾಕಬೇಡಿ. ರಬ್ಬರ್ ಕೈಗವಸಿನ ಬಾಯಿ ಸುರುಳಿ ಸುತ್ತಿ ಒಳಗಿನ ಗಾಳಿಯನ್ನು ಬೆರಳುಗಳ ಕಡೆಗೆ ಒತ್ತಿ, ಎಲ್ಲಿಯೂ ಸೋರುತ್ತಿಲ್ಲವೆಂದು ಪ್ರತಿ ಸಲವೂ ಪರೀಕ್ಷಿಸಿಕೊಳ್ಳಿ. ಉಂಗುರ, ವಾಚು, ಸರ, ಬಳೆಗಳನ್ನು ತೆಗೆದಿಡಿ. ಒಂಟಿಯಾಗಿ ಕೆಲಸ ಮಾಡದೆ, ಏನಾದರೂ ಆದರೆ ನೆರವಿಗೆ ಬರಬಲ್ಲ ಒಬ್ಬರನ್ನು ಹತ್ತಿರದಲ್ಲಿ ಇರಿಸಿಕೊಳ್ಳಿ.

ಕಾರನ್ನು ಆಫ್ ಮಾಡಿ ಕೀಲಿಯನ್ನು ಮನೆಯೊಳಗೆ ದೂರದಲ್ಲಿಡಿ. ಪ್ರಿಯಸ್‌ನ ಹಿಂಬಾಗಿಲಿನ ಚಿಲಕ ವಿದ್ಯುತ್ತಿನಿಂದ ತೆರೆಯುವಂಥದ್ದಾದ್ದರಿಂದ ಮೊದಲೇ ಅದನ್ನು ತೆರೆದಿಟ್ಟು, ಆಮೇಲೆ 12 ವೋಲ್ಟಿನ ಚಿಕ್ಕ ಬ್ಯಾಟರಿಯ ನೆಗೆಟಿವ್ ಕೇಬಲ್ ಕಳಚಬೇಕು. ನಂತರ ಕೈಗವಸು ತೊಟ್ಟು, ದೊಡ್ಡ ಬ್ಯಾಟರಿಯ ಪಕ್ಕದಲ್ಲಿರುವ ಕಿತ್ತಳೆ ಬಣ್ಣದ ಸರ್ವಿಸ್ ಪ್ಲಗ್ ಎಳೆದು ತೆಗೆದು, ಬೇರೆಯವರು ಮರಳಿ ಸಿಕ್ಕಿಸದಂತೆ ಜೇಬಿನಲ್ಲಿಟ್ಟುಕೊಳ್ಳಿ. ಇನ್ವರ್ಟರಿನೊಳಗೆ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುವ ಕೆಪಾಸಿಟರ್‌ಗಳು ಬರಿದಾಗಲು ಹತ್ತು ನಿಮಿಷ ಕಾಯಿರಿ. ಕಿತ್ತಳೆ ಕೇಬಲ್‌ಗಳನ್ನು ಬಿಚ್ಚುವ ಮುನ್ನ ಅವುಗಳ ನಡುವೆ ಸೊನ್ನೆ ವೋಲ್ಟ್ ಇದೆಯೆಂದು ಮಲ್ಟಿಮೀಟರಿನಲ್ಲಿ ಖಚಿತಪಡಿಸಿಕೊಳ್ಳಿ.

ಪ್ಲಗ್ ತೆಗೆದ ಮೇಲೆ ಬ್ಯಾಟರಿ ನಿರ್ಜೀವವಾಯಿತೆಂದು ಭಾವಿಸುವುದು ಅಪಾಯಕರ. ಪ್ಲಗ್ ಮಾಡುವುದು ಸರಣಿಯನ್ನು ಎರಡು ತುಂಡು ಮಾಡುವುದನ್ನಷ್ಟೇ; ಅದರಲ್ಲಿ ಒಂದು ತುಂಡಿನಲ್ಲಾದರೂ ನೂರು ವೋಲ್ಟ್ ಇದ್ದೇ ಇರುತ್ತದೆ. ಮಾಡ್ಯೂಲ್‌ಗಳನ್ನು ಜೋಡಿಸುವ ತಾಮ್ರದ ಬಸ್ ಬಾರ್‌ಗಳನ್ನೆಲ್ಲ ಕಳಚಿ ಮುಗಿಯುವವರೆಗೂ ಕೈಗವಸು ತೆಗೆಯಬಾರದು. ಬ್ಯಾಟರಿಯ ತೂಕ ಸುಮಾರು 40 ಕೆ.ಜಿ. ಇರುವುದರಿಂದ ಇಬ್ಬರು ಸೇರಿ ಎತ್ತಬೇಕು.

ಪರೀಕ್ಷೆ, ಆಮೇಲೆ ಆರೈಕೆ

ಪ್ರತಿ ಮಾಡ್ಯೂಲಿನ ಮೇಲೆ 1ರಿಂದ 28ರವರೆಗೆ ಸಂಖ್ಯೆ ಬರೆದು, ಮುಚ್ಚಳ ತೆಗೆದ ಕೂಡಲೇ ಒಂದು ಫೋಟೊ ತೆಗೆದಿಡಿ. ಎಲ್ಲದರ ವೋಲ್ಟೇಜನ್ನು ವಹಿಯಲ್ಲಿ ಬರೆದುಕೊಳ್ಳಿ. ಆರೋಗ್ಯವಂತ ಮಾಡ್ಯೂಲ್‌ಗಳು ಸಾಮಾನ್ಯವಾಗಿ 7.6ರಿಂದ 8 ವೋಲ್ಟಿನೊಳಗೆ ಒಂದಕ್ಕೊಂದು ಹತ್ತಿರದಲ್ಲಿರುತ್ತವೆ. ಯಾವುದಾದರೂ ಒಂದು ಉಳಿದವಕ್ಕಿಂತ 1.2 ವೋಲ್ಟಿನಷ್ಟು ಕೆಳಗಿದ್ದರೆ ಅದರೊಳಗಿನ ಒಂದು ಸೆಲ್ ಸತ್ತಿದೆ ಎಂದರ್ಥ, ಮತ್ತು ಸತ್ತ ಸೆಲ್ ಯಾವ ಚಾರ್ಜಿಂಗ್‌ನಿಂದಲೂ ಮರಳಿ ಬಾರದು. ಬರಿಯ ವೋಲ್ಟೇಜ್ ನಂಬಿ ಕೂರುವಂತಿಲ್ಲ. ಕಾರಿನ 55 ವ್ಯಾಟಿನ ಹೆಡ್‌ಲೈಟ್ ಬಲ್ಬನ್ನು ಎರಡು ನಿಮಿಷ ಜೋಡಿಸಿ ನೋಡಿದರೆ, ಗಟ್ಟಿ ಮಾಡ್ಯೂಲಿನ ವೋಲ್ಟೇಜ್ ಸ್ವಲ್ಪ ಇಳಿದು ನಿಲ್ಲುತ್ತದೆ, ದುರ್ಬಲವಾದದ್ದು ಇಳಿಯುತ್ತಲೇ ಹೋಗುತ್ತದೆ. ಪುನಶ್ಚೇತನಕ್ಕಿಂತ ಈ ಪರೀಕ್ಷೆಯೇ ಹೆಚ್ಚು ಬೆಲೆಯುಳ್ಳದ್ದೆಂಬುದು ನನ್ನ ಅಭಿಪ್ರಾಯ.

ಉಳಿದ ಮಾಡ್ಯೂಲ್‌ಗಳು ದಣಿದಿರುವುದಕ್ಕೆ ಕಾರಣವುಂಟು. ಕಾರಿನ ಕಂಪ್ಯೂಟರ್ ಬ್ಯಾಟರಿಯನ್ನು ಸುಮಾರು 40ರಿಂದ 80 ಪ್ರತಿಶತದ ನಡುವೆಯೇ ಬಳಸುತ್ತದೆ. ವರ್ಷಗಟ್ಟಲೆ ಹೀಗೆ ನಡೆದಾಗ ಮಾಡ್ಯೂಲ್‌ಗಳ ನಡುವಣ ಸಮತೋಲನ ತಪ್ಪುತ್ತದೆ, ಬಳಕೆಯಾಗದ ಭಾಗದ ಸಾಮರ್ಥ್ಯ ಮಂಕಾಗುತ್ತದೆ. ಪೂರ್ತಿ ತುಂಬಿ ಪೂರ್ತಿ ಇಳಿಸುವ ಆವರ್ತಗಳು ಇದನ್ನು ಸಾಕಷ್ಟು ಮಟ್ಟಿಗೆ ಸರಿಪಡಿಸುತ್ತವೆ.

ಚಾರ್ಜ್ ಆಗುವಾಗ ಮಾಡ್ಯೂಲ್ ಉಬ್ಬುತ್ತದೆ. ಆದ್ದರಿಂದ ಅವುಗಳನ್ನು ಎರಡು ಗಟ್ಟಿ ಹಲಗೆಗಳ ನಡುವೆ ಬೋಲ್ಟ್ ಬಿಗಿದು ಒತ್ತಿಹಿಡಿದಿರಬೇಕು. ಇದನ್ನು ಬಿಟ್ಟರೆ ಪ್ಲಾಸ್ಟಿಕ್ ಕವಚ ಮರಳಿ ಚೌಕಟ್ಟಿನೊಳಗೆ ಕೂರದಷ್ಟು ಸೊಟ್ಟಗಾಗುತ್ತದೆ. ಹೊರಬರುವ ಅನಿಲದಲ್ಲಿ ಹೈಡ್ರೋಜನ್ ಇರಬಹುದಾದ್ದರಿಂದ ಗಾಳಿಯಾಡುವ ಜಾಗ ಬೇಕು, ಹತ್ತಿರದಲ್ಲಿ ಒಲೆ, ದೀಪ, ಊದುಬತ್ತಿ ಇರಬಾರದು. ನಿಕಲ್ ಮೆಟಲ್ ಹೈಡ್ರೈಡ್‌ಗೆ ಹೊಂದಿಸಬಲ್ಲ ಹವ್ಯಾಸಿ ಚಾರ್ಜರಿನಲ್ಲಿ (ರಿಮೋಟ್ ಆಟಿಕೆ ಕಾರು, ವಿಮಾನಗಳ ಬ್ಯಾಟರಿಗೆ ಬಳಸುವಂಥದ್ದು) ಆರು ಸೆಲ್ ಎಂದು ಆರಿಸಿ, 3 ಆಂಪಿಯರಿನಲ್ಲಿ ಚಾರ್ಜ್ ಮಾಡಿ, 7200 ಮಿಲಿ ಆಂಪಿಯರ್-ಗಂಟೆ ದಾಟಿದರೆ ತಾನಾಗಿ ನಿಲ್ಲುವಂತೆ ಮಿತಿ ಹಾಕಿ. ಆಮೇಲೆ 1 ಆಂಪಿಯರಿನಲ್ಲಿ 6 ವೋಲ್ಟಿನವರೆಗೆ ಮಾತ್ರ ಇಳಿಸಿ. ಅದಕ್ಕೂ ಕೆಳಗೆ ಎಳೆದರೆ ದುರ್ಬಲ ಸೆಲ್‌ನ ಧ್ರುವಗಳೇ ತಿರುಗಿಹೋಗಬಹುದು. ಇಂಥ ಮೂರು ಆವರ್ತ ಸಾಕು. ಪ್ರತಿ ಸಲ ಹೊರಬಂದ ಸಾಮರ್ಥ್ಯವನ್ನು ಬರೆದಿಡಿ. ಮಾಡ್ಯೂಲ್ ಮುಟ್ಟಲಾರದಷ್ಟು ಬಿಸಿಯಾದರೆ ತಕ್ಷಣ ನಿಲ್ಲಿಸಿ.

ಒಂದು ಆವರ್ತಕ್ಕೆ ಎಂಟೂವರೆ ಗಂಟೆ ಹಿಡಿದರೆ, ನಾಲ್ಕು ಮಾಡ್ಯೂಲ್‌ಗಳನ್ನು ಒಟ್ಟಿಗೆ ನೋಡಿಕೊಳ್ಳುವ ಚಾರ್ಜರ್ ಇದ್ದರೂ 28ಕ್ಕೆ ಸುಮಾರು 180 ಗಂಟೆ ಬೇಕು. ರಾತ್ರಿ ಚಾರ್ಜಿಂಗ್ ಬಿಟ್ಟು ಮಲಗಬಾರದಾದ್ದರಿಂದ ಎರಡು ಮೂರು ವಾರ ಎಂದೇ ಲೆಕ್ಕ ಹಾಕಿ. ಅಷ್ಟು ದಿನ ಕಾರಿಲ್ಲದೆ ಇರಲಾರದವರು ಈ ಕೆಲಸವನ್ನು ಆರಂಭಿಸದಿರುವುದೇ ಒಳಿತು.

ಮರುಜೋಡಣೆ

ಮೂರನೇ ಆವರ್ತದ ನಂತರವೂ 4 ಆಂಪಿಯರ್-ಗಂಟೆಗಿಂತ ಕಡಿಮೆ ಕೊಡುವವನ್ನು ಬೇರ್ಪಡಿಸಿ, ಅವುಗಳ ಜಾಗಕ್ಕೆ ಹತ್ತಿರದ ಸಾಮರ್ಥ್ಯದ ಬಳಸಿದ ಮಾಡ್ಯೂಲ್‌ಗಳನ್ನೇ ಹಾಕಿ. ಹಳೆಯವುಗಳ ನಡುವೆ ತೀರ ಹೊಸದೊಂದನ್ನು ಇಟ್ಟರೆ ಅಸಮತೋಲನ ಇನ್ನೊಂದು ರೂಪದಲ್ಲಿ ಮರಳುತ್ತದೆ. ಎಲ್ಲವನ್ನೂ ಚಾರ್ಜ್ ಮಾಡಿ, ವೋಲ್ಟೇಜ್‌ಗಳು ಹತ್ತಿರ ಬಂದ ಮೇಲೆ ಸಮಾಂತರವಾಗಿ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಜೋಡಿಸಿ ಒಂದು ದಿನ ಬಿಟ್ಟರೆ ಅವು ಒಂದೇ ಮಟ್ಟಕ್ಕೆ ಬರುತ್ತವೆ. ಸರಣಿಯ ನಡುವೆ ಶಾಖ ಹೆಚ್ಚಿರುವುದರಿಂದ ತುಸು ದುರ್ಬಲವಾದವನ್ನು ಎರಡು ತುದಿಗಳಲ್ಲಿಡಿ. ಪ್ಲಸ್ ಪಕ್ಕದಲ್ಲಿ ಮೈನಸ್ ಬರುವಂತೆ ಒಂದು ಬಿಟ್ಟು ಒಂದನ್ನು ತಿರುಗಿಸಿ ಇಟ್ಟಿರುವುದನ್ನು ಮೊದಲು ತೆಗೆದ ಫೋಟೊದೊಂದಿಗೆ ಹೋಲಿಸಿ. ಕಪ್ಪಗೋ ಹಸಿರಾಗೋ ಆಗಿರುವ ಬಸ್ ಬಾರ್‌ಗಳನ್ನು ವಿನೆಗರಿನಲ್ಲಿ ನೆನೆಸಿ ಉಜ್ಜಿ, ತೊಳೆದು, ಒಣಗಿಸಿ. ಅವುಗಳ ನಟ್ಟುಗಳಿಗೆ 5.4 ನ್ಯೂಟನ್ ಮೀಟರಿನ ಬಿಗಿತ ಸಾಕು. ಅಳತೆಯಿಲ್ಲದೆ ಕೈಬಲದಿಂದ ಬಿಗಿದರೆ ನಟ್ಟು ಕೂರುವ ತಿರುಪು ಮೊಳೆ ಮಾಡ್ಯೂಲಿನ ಪ್ಲಾಸ್ಟಿಕ್‌ನಿಂದ ಕಿತ್ತು ಬರುತ್ತದೆ. ಬಸ್ ಬಾರ್ ಹಾಕುವಾಗ ಮತ್ತೆ ಕೈಗವಸು ತೊಡಿ. ಅನಿಲ ಹೊರಹೋಗುವ ಕೊಳವೆ ಮತ್ತು ತಾಪಮಾನದ ಸೆನ್ಸರ್‌ಗಳನ್ನು ಮರೆಯಬೇಡಿ.

ಕಾರಿಗೆ ಕೂರಿಸಿ, ಕೇಬಲ್‌ಗಳನ್ನು ಜೋಡಿಸಿ, ಸರ್ವಿಸ್ ಪ್ಲಗ್ ಹಾಕಿ, ಕೊನೆಯಲ್ಲಿ 12 ವೋಲ್ಟಿನ ಬ್ಯಾಟರಿಯನ್ನು ಸಂಪರ್ಕಿಸಿ. ಕೋಡ್ ಅಳಿಸಿ ಓಡಿಸುವಾಗ, ಪಕ್ಕದಲ್ಲಿ ಕೂತವರು ಸ್ಕ್ಯಾನರಿನಲ್ಲಿ ಎರಡೆರಡು ಮಾಡ್ಯೂಲ್ ಸೇರಿದ 14 ಜೋಡಿಗಳ ವೋಲ್ಟೇಜ್ ನೋಡಲಿ. ಏರು ಹತ್ತುವಾಗಲೂ ಅವುಗಳ ನಡುವಣ ವ್ಯತ್ಯಾಸ 0.3 ವೋಲ್ಟ್ ಮೀರದಿದ್ದರೆ ಕೆಲಸ ಸರಿಯಾಗಿದೆ. ಮೀರಿದ ಜೋಡಿಯ ಸಂಖ್ಯೆಯನ್ನು ವಹಿಯಲ್ಲಿ ಗುರುತು ಮಾಡಿ. ತೆಗೆದಿಟ್ಟ ಮಾಡ್ಯೂಲ್‌ಗಳ ತುದಿಗಳಿಗೆ ಟೇಪ್ ಸುತ್ತಿ, ಗುಜರಿಗೆ ಕೊಡದೆ, ಅಧಿಕೃತ ಮರುಬಳಕೆದಾರರಿಗೆ ಒಪ್ಪಿಸಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ವಾಹನದ ಬ್ಯಾಟರಿಗಳಿಗೂ ಅನ್ವಯಿಸುತ್ತವೆ.