ಕತ್ತಿನ ಕಪ್ಪು ಉಜ್ಜಿದ್ರೆ ಹೋಗಲ್ಲ: ನನ್ನ ಅನುಭವ

ತುಮಕೂರಲ್ಲಿ ಮನೇಲೇ ಬ್ಲೌಸ್ ಹೊಲಿಯೋಳು ನಾನು. ಪಾರ್ಲರ್‌ನವರು ಮುಖ ನೋಡ್ತಾರೆ, ನಮ್ಗೆ ಉಳಿದಿದ್ದೆಲ್ಲಾ ಕಾಣತ್ತೆ, ಕತ್ತಿನ ಹಿಂಭಾಗ, ಕಂಕುಳು, ಲಂಗದ ಲಾಡಿ ಕಟ್ಟೋ ಜಾಗ, ಕೂತು ಕೂತು ಬಗ್ಗಿದ ಬೆನ್ನು. ಹಿಂದೆ ಡೀಪ್ ನೆಕ್ ಇಡಿ ಅಕ್ಕಾ ಅಂತ ಡಿಸೈನ್ ತೋರಿಸೋ ಹುಡುಗೀರು ಅಳತೆ ತಗೊಳೋ ಹೊತ್ತಿಗೆ ಬೇಡ ಬಿಡಿ, ಕತ್ತು ಕಪ್ಪಗಿದೆ, ಕ್ಲೋಸ್ ನೆಕ್ಕೇ ಇಡಿ ಅಂತಾರೆ. ಎಷ್ಟು ಜನ ಹಂಗೆ ಅಂದಿದಾರೋ ಲೆಕ್ಕಾನೇ ಇಲ್ಲ. ನನ್ನ ಕತ್ತೂ ಹಂಗೇ ಇತ್ತು, ಕತ್ತಿನ ಸುತ್ತ ಕಪ್ಪು ಗೆರೆ, ಮುಟ್ಟಿದ್ರೆ ಸ್ವಲ್ಪ ದಪ್ಪ, ಮಖಮಲ್ ಬಟ್ಟೆ ತರ, ಜೊತೆಗೆ ಸಣ್ಣ ಸಣ್ಣ ನರಹುಲಿ.

ಇದಕ್ಕೆ ಮನೆಮದ್ದು ಹೇಳದೇ ಇರೋರೇ ಇಲ್ಲ. ನಿಂಬೆಹಣ್ಣು ಅರ್ಧ ಕಟ್ ಮಾಡಿ ಅಡುಗೆ ಸೋಡಾ ಅದ್ದಿ ಉಜ್ಜು, ಆಲೂಗಡ್ಡೆ ತುರಿದು ಹಚ್ಚು, ಸಕ್ಕರೆ ಹಾಕಿ ತಿಕ್ಕು. ನಮ್ಮತ್ತೆ ಅಂತೂ ಕೊಳೆ ಕಣೇ ಅದು, ಬಿಸಿನೀರಲ್ಲಿ ತೆಂಗಿನ ನಾರು ಹಾಕಿ ಉಜ್ಜು ಅಂದ್ರು. ನಾನು ಉಜ್ಜೋಕೆ ಹೋಗ್ಲಿಲ್ಲ, ಯಾಕಂದ್ರೆ ದಿನಾ ಸ್ನಾನ ಮಾಡೋಳಿಗೆ ಕತ್ತಲ್ಲಿ ಮಾತ್ರ ಕೊಳೆ ಹೆಂಗೆ ಕೂರತ್ತೆ ಅನ್ನೋ ಡೌಟು, ಅಲ್ದೆ ನನ್ನ ಹತ್ರ ಬರೋ ಹುಡುಗೀರಲ್ಲಿ ಯಾರಿಗೆ ಕತ್ತು ಕಪ್ಪಿದ್ಯೋ ಅವ್ರಲ್ಲಿ ತುಂಬಾ ಜನಕ್ಕೆ ಪಿರಿಯಡ್ಸೂ ಸರಿಯಾಗಿ ಆಗಲ್ಲ, ಗದ್ದದ ಮೇಲೆ ಕೂದಲು, ಸೊಂಟದ ಅಳತೆ ವರ್ಷ ವರ್ಷ ಏರ್ತಾ ಇರತ್ತೆ, ಇವೆಲ್ಲಾ ಒಟ್ಟಿಗೇ ಬರ್ತಿರೋದು ನೋಡಿ ನೋಡಿ ಇದು ಚರ್ಮದ ಕಥೆ ಅಲ್ಲ ಅನ್ಸಿತ್ತು.

ಡಾಕ್ಟ್ರು ಕತ್ತು ನೋಡಿದ ತಕ್ಷಣ ಶುಗರ್ ಟೆಸ್ಟ್ ಬರೆದ್ರು. ಇದಕ್ಕೆ ಅಕಾಂಥೋಸಿಸ್ ನೈಗ್ರಿಕ್ಯಾನ್ಸ್ ಅಂತಾರಂತೆ. ದೇಹಕ್ಕೆ ಇನ್ಸುಲಿನ್ ಸರಿಯಾಗಿ ನಾಟದೇ ಇದ್ದಾಗ ದೇಹ ಇನ್ನೂ ಜಾಸ್ತಿ ಇನ್ಸುಲಿನ್ ಬಿಡತ್ತೆ, ಆ ಜಾಸ್ತಿ ಇನ್ಸುಲಿನ್ ಚರ್ಮದ ಮೇಲ್ಪದರ ಬೇಗ ಬೇಗ ಬೆಳೆಯೋ ಹಂಗೆ ಮಾಡತ್ತೆ, ಅದಕ್ಕೇ ಕತ್ತು ಕಂಕುಳು ಎಲ್ಲಾ ದಪ್ಪ ಆಗಿ ಕಪ್ಪಗೆ ಕಾಣತ್ತೆ. ಪಿಸಿಓಎಸ್ (ಹಾರ್ಮೋನ್ ಏರುಪೇರಾಗಿ ಪಿರಿಯಡ್ಸ್ ಸರಿಯಾಗಿ ಆಗದೇ ಇರೋ ತೊಂದ್ರೆ) ಇರೋರಿಗೆ, ತೂಕ ಜಾಸ್ತಿ ಇರೋರಿಗೆ ಇದು ಕಾಮನ್ನು, ಅಪರೂಪಕ್ಕೆ ಬೇರೆ ಕಾಯಿಲೆಗಳಲ್ಲೂ ಬರತ್ತೆ, ಅದಕ್ಕೇ ಇದ್ದಕ್ಕಿದ್ದಂಗೆ ಜೋರಾಗಿ ಹರಡಿದ್ರೆ ತೋರಿಸ್ಲೇಬೇಕು. ಖಾಲಿ ಹೊಟ್ಟೆ ಶುಗರ್ 100ರಿಂದ 125ರ ಒಳಗೆ, ಇಲ್ಲಾ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ರಕ್ತ ಪರೀಕ್ಷೆ) 5.7ರಿಂದ 6.4ರ ಒಳಗೆ ಇದ್ರೆ ಅದು ಶುಗರ್ ಕಾಯಿಲೆಯ ಬಾರ್ಡರ್. ನಾನು ಆ ಬಾರ್ಡರಲ್ಲೇ ಇದ್ದೆ. ಹೇಳ್ಬೇಕಂದ್ರೆ ಖುಷೀನೇ ಆಯ್ತು, ಬಾರ್ಡರ್ ದಾಟಿರ್ಲಿಲ್ವಲ್ಲ.

ಅಲ್ಲಿಂದ ಶುರು ನನ್ನ ಬ್ಯೂಟಿ ಟಿಪ್ಸು. ಮೊದಲನೇದು ಟೇಪು. ಟೈಲರ್ ಮನೇಲಿ ಟೇಪಿಗೇನು ಬರ ಅಂತೀರಾ, ಆದ್ರೆ ಬ್ಲೌಸ್ ಅಳತೇಲಿ ಹೊಟ್ಟೆ ಸುತ್ತಳತೆ ಬರೋದೇ ಇಲ್ಲ, ಬ್ಲೌಸ್ ಎದೆ ಕೆಳಗೇ ಮುಗಿಯತ್ತೆ. ಹೊಟ್ಟೆ ಅಳೀಬೇಕಂದ್ರೆ ಪಕ್ಕೆಲುಬಿನ ಕೆಳತುದಿಗೂ ಸೊಂಟದ ಮೂಳೆಗೂ ಮಧ್ಯ ಟೇಪ್ ಹಿಡಿದು, ಉಸಿರು ಬಿಟ್ಟು, ಹೊಟ್ಟೆ ಒಳಗೆ ಎಳ್ಕೊಳ್ದೆ ನೋಡ್ಬೇಕು. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್ ಗಡಿ, ನಮ್ಮ ಲೆಕ್ಕದಲ್ಲಿ ಮೂವತ್ತೊಂದೂವರೆ ಇಂಚು. ತೂಕದ ಮಿಷನ್‌ಗಿಂತ ನಂಗೆ ಇದೇ ಮೇಲು, ಯಾಕಂದ್ರೆ ವ್ಯಾಯಾಮ ಶುರು ಮಾಡಿದ ಮೇಲೆ ತೂಕ ಅಷ್ಟೇ ಇದ್ರೂ ಟೇಪು ಒಳಗೆ ಬರತ್ತೆ.

ಆಮೇಲೆ ಬಸ್ಕಿ. ನಗಬೇಡಿ. ಸ್ಕೂಲಲ್ಲಿ ಮೇಷ್ಟ್ರು ಹೊಡೆಸ್ತಿದ್ದ ಬಸ್ಕೀನೇ, ಗಣಪತಿ ಗುಡೀಲಿ ಕಿವಿ ಹಿಡ್ಕೊಂಡು ಹೊಡೀತೀವಲ್ಲ ಅದೇ, ಜಿಮ್‌ನವ್ರು ಸ್ಕ್ವಾಟ್ ಅಂತಾರೆ. ದೇಹದಲ್ಲಿ ದೊಡ್ಡ ಸ್ನಾಯುಗಳು ಇರೋದೇ ತೊಡೆ, ಕುಂಡೇಲಿ, ಊಟದ ಸಕ್ಕರೆ ಖರ್ಚಾಗೋ ಜಾಗಾನೂ ಅದೇ, ಅದಕ್ಕೆ ಮುಖದ ಫೇಸ್‌ಪ್ಯಾಕ್‌ಗಿಂತ ಕತ್ತಿನ ಕಪ್ಪಿಗೆ ತೊಡೇನೇ ಔಷಧಿ ಅಂತ ನಾನು ಎಲ್ರಿಗೂ ಹೇಳೋದು. ಮೊದಮೊದಲು ಪೂರ್ತಿ ಕೂರೋಕೆ ಹೋಗ್ಬೇಡಿ. ಹೊಲಿಗೆ ಮಿಷನ್ ಕುರ್ಚಿ ಹಿಂದೆ ಇಟ್ಕೊಂಡು, ಕೈ ಮುಂದೆ ಚಾಚಿ, ಕುರ್ಚಿ ತಾಕೋವರೆಗೂ ನಿಧಾನಕ್ಕೆ ಇಳಿದು ಮತ್ತೆ ಎದ್ದೇಳೋದು, ಮಂಡಿ ಒಳಗೆ ವಾಲದ ಹಂಗೆ, ಹಿಮ್ಮಡಿ ನೆಲ ಬಿಡದ ಹಂಗೆ. ಹತ್ತು ಹೊಡೆದು ಒಂದು ನಿಮಿಷ ಸುಧಾರಿಸ್ಕೊಂಡು ಇನ್ನೊಂದು ಹತ್ತು. ಅದು ಸಲೀಸು ಆದ್ಮೇಲೆ ಎರಡು ಲೀಟರ್ ನೀರಿನ ಬಾಟ್ಲಿ ಎದೆಗೆ ಅವಚ್ಕೊಂಡು, ಆಮೇಲೆ ಐದು ಕೆಜಿ ಅಕ್ಕಿ ಚೀಲ. ಭಾರ ಏರಿಸ್ತಾ ಹೋಗ್ದೇ ಇದ್ರೆ ಸ್ನಾಯು ಅಲ್ಲೇ ನಿಂತ್ಬಿಡತ್ತೆ.

ಮನೆಕೆಲ್ಸಾನೇ ಎಕ್ಸರ್ಸೈಜ್ ಅಲ್ವಾ ಅಂತ ಕೇಳ್ತಾರೆ. ಕಸ ಗುಡಿಸೋದು, ನೆಲ ಒರೆಸೋದು, ಬಟ್ಟೆ ಒಗೆಯೋದು ಎಲ್ಲಾ ಕೂತಿರೋದಕ್ಕಿಂತ ಒಳ್ಳೇದೇ, ಇಲ್ಲ ಅನ್ನಲ್ಲ. ಆದ್ರೆ ಹತ್ತು ವರ್ಷದಿಂದ ಅದೇ ಬಿಂದಿಗೆ ಎತ್ತಿದ್ರೆ ಮೈ ಅದಕ್ಕೆ ಒಗ್ಗಿಹೋಗಿರತ್ತೆ, ಮತ್ತೆ ನಮ್ಮ ಕೆಲಸ ಎಲ್ಲಾ ಮುಂದಕ್ಕೆ ಬಗ್ಗೋದೇ, ಹಿಂದಕ್ಕೆ ಎಳೆಯೋ ಕೆಲಸ ಒಂದೂ ಇಲ್ಲ, ಅದಕ್ಕೇ ನಲವತ್ತಕ್ಕೆಲ್ಲಾ ಗೂನು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರೋದು ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆ ತರದ್ದು, ಅದಲ್ದೆ ವಾರಕ್ಕೆ ಎರಡು ದಿನ ಆದ್ರೂ ಸ್ನಾಯುಗೆ ಭಾರ. ಈ ಎರಡನೇದನ್ನ ನಾವು ಹೆಂಗಸರು ಬಿಟ್ಟೇಬಿಟ್ಟಿದೀವಿ, ತೋಳು ಗಂಡಸ್ರ ತರ ಆಗ್ಬಿಡತ್ತೆ ಅಂತ ಭಯ. ಆಗಲ್ಲ ಕಣ್ರೀ, ಬ್ಲೌಸ್ ತೋಳು ಹೊಲಿಯೋಳು ನಾನು, ಅಕ್ಕಿ ಚೀಲ ಎತ್ತಿದ್ದಕ್ಕೆ ಯಾರ ತೋಳಿನ ಅಳತೇನೂ ಬದಲಾಯಿಸಿಲ್ಲ ನಾನು. ಗೋಡೆಗೆ ಕೈ ಕೊಟ್ಟು ದಂಡ ಹೊಡೆಯೋದು, ಬಾಗಿಲ ಚೌಕಟ್ಟಿಗೆ ಎರಡೂ ಮುಂಗೈ ಒರಗಿಸಿ ಎದೆ ಮುಂದಕ್ಕೆ ಬಿಡೋದು, ಹಳೇ ದುಪಟ್ಟಾ ಕಿಟಕಿ ಸರಳಿಗೆ ಹಾಕಿ ಎರಡು ತುದಿ ಹಿಡ್ಕೊಂಡು ಹಿಂದಕ್ಕೆ ವಾಲಿ ಮೈ ಎಳ್ಕೊಳೋದು (ಸರಳು ಗಟ್ಟಿ ಇದ್ಯಾ ನೋಡ್ಕೊಳಿ ಮೊದ್ಲು), ಇಷ್ಟೇ ನಾನು ಮಾಡೋದು. ಮಿಷನ್ ಮುಂದೆ ಕೂತಿರೋವಾಗ ಪ್ರತಿ ಬ್ಲೌಸ್ ಮುಗಿದಾಗ ಎದ್ದು ಗದ್ದ ಹಿಂದಕ್ಕೆ ತಳ್ಳಿ ಭುಜ ತಿರುಗಿಸ್ತೀನಿ, ಕತ್ತು ನೋವಿಗೆ ಬಾಮ್ ಹಚ್ಚೋದು ಹಂಗೇ ತಪ್ಪಿಹೋಯ್ತು.

ಊಟ ಆದ್ಮೇಲೆ ಹತ್ತು ಹದಿನೈದು ನಿಮಿಷ ನಡಿಗೆ, ಬೆಳಗ್ಗೆ ಒಂದೇ ಸಲ ಬೆವರು ಸುರಿಸೋದಕ್ಕಿಂತ ಇದು ನಂಗೆ ಸುಲಭ. ತಿಂದ ಕೂಡ್ಲೇ ಏರೋ ಶುಗರ್‌ನ ಕಾಲಿನ ಸ್ನಾಯು ಎಳ್ಕೊಂಡ್ಬಿಡತ್ತೆ. ರಸ್ತೇಲಿ ನಾಯಿ ಕಾಟ ಇದ್ರೆ ಟೆರೇಸ್ ಮೇಲೆ.

ಊಟದ ವಿಷ್ಯಕ್ಕೆ ಬಂದ್ರೆ ನಮ್ಮ ಕಡೆ ಮುದ್ದೆ ಬಿಡಿ ಅಂದ್ರೆ ಯಾರೂ ಕೇಳಲ್ಲ, ಬಿಡೋದೂ ಬೇಡ. ಆದ್ರೆ ರಾಗಿ ಅಂದ ತಕ್ಷಣ ಶುಗರ್‌ಗೆ ಎಷ್ಟಾದ್ರೂ ತಿನ್ಬೋದು ಅನ್ಕೊಂಡಿದಾರೆ, 100 ಗ್ರಾಮ್ ರಾಗಿ ಹಿಟ್ಟಲ್ಲಿ ಸುಮಾರು 70 ಗ್ರಾಮ್ ಕಾರ್ಬೋಹೈಡ್ರೇಟೇ ಇರೋದು. ರಾಗೀಲಿ ಕ್ಯಾಲ್ಸಿಯಂ ಜೋರು, ನಾರೂ ಇದೆ, ಅದಕ್ಕೆ ತಿನ್ನಿ, ಮುದ್ದೆ ಸೈಜ್ ಚಿಕ್ಕದು ಮಾಡಿ, ಸಾರಲ್ಲಿ ಕಾಳು ಜಾಸ್ತಿ ಮಾಡಿ. ಹುರುಳಿಕಾಳು ಬಸ್ಸಾರು ಮಾಡಿದಾಗ ಎಲ್ರೂ ತಿಳಿ ಕುಡಿದು ಕಾಳಿನ ಪಲ್ಯ ಗಂಡಸ್ರಿಗೆ ಮಕ್ಕಳಿಗೆ ಬಡಿಸ್ಬಿಡ್ತೀವಿ, ಪ್ರೋಟೀನ್ ಇರೋದು ಕಾಳಲ್ಲಿ. ಒಣ ಹುರುಳೀಲಿ 100 ಗ್ರಾಮ್‌ಗೆ 22 ಗ್ರಾಮ್‌ನಷ್ಟು ಇದೆ, ಒಂದು ಮೊಟ್ಟೇಲಿ 6 ಗ್ರಾಮ್. ಅರವತ್ತು ಕೆಜಿ ಹೆಂಗಸಿಗೆ ದಿನಕ್ಕೆ 50 ಗ್ರಾಮ್ ಆದ್ರೂ ಬೇಕು, ಅನ್ನ ಸಾರಲ್ಲಿ ಅಷ್ಟು ಬರೋದು ಕಷ್ಟ. ನಾನು ನಂಗೂ ಒಂದು ಬಟ್ಲು ಕಾಳು ಮೊದ್ಲೇ ತೆಗ್ದಿಟ್ಕೊಳ್ಳೋಕೆ ಶುರು ಮಾಡ್ದೆ, ನಮ್ಮತ್ತೆ ಒಂದು ಥರ ನೋಡಿದ್ರು, ಆಮೇಲೆ ಅವ್ರೂ ಬಟ್ಲು ತಂದ್ರು.

ಈಗ ಕತ್ತು ಹೆಂಗಿದೆ ಅಂದ್ರೆ, ಪೂರ್ತಿ ಹೋಗಿಲ್ಲ, ಆದ್ರೆ ದಪ್ಪ ಇಳಿದಿದೆ, ಬಣ್ಣ ತಿಳಿಯಾಗಿದೆ. ಇದು ವಾರದಲ್ಲಿ ಆಗೋ ಕೆಲ್ಸ ಅಲ್ಲ. ಮೊದಲು ಶುಗರ್ ಇಳೀತು, ಆಮೇಲೆ ಟೇಪು, ಕತ್ತು ಎಲ್ಲಾದಕ್ಕಿಂತ ಕೊನೇಗೆ. ನರಹುಲಿ ಹಂಗೇ ಇವೆ, ಅವಕ್ಕೆ ದಾರ ಕಟ್ಟೋದು ಸುಣ್ಣ ಹಚ್ಚೋದು ಮಾಡ್ಬೇಡಿ ದಯವಿಟ್ಟು, ಸ್ಕಿನ್ ಡಾಕ್ಟ್ರು ನಿಮಿಷದಲ್ಲಿ ತೆಗೀತಾರೆ.

ಮುಖದ ಬಗ್ಗೆ ಚಿಕ್ಕದಾಗಿ ಹೇಳ್ಬಿಡ್ತೀನಿ. ಬಂಗು ಇರೋರು ನಿಂಬೆರಸ ಹಚ್ಚಿ ಬಿಸಿಲಿಗೆ ಹೋಗ್ಬೇಡಿ, ಅದು ಸುಟ್ಟು ಇನ್ನೂ ಕಪ್ಪಾಗತ್ತೆ. ಬಂಗುಗೆ ಬಿಸಿಲೇ ಶತ್ರು, ಕಿಟಕಿ ಗಾಜಿನ ಒಳಗೂ ಯುವಿಎ ಕಿರಣ ಬರತ್ತೆ, ನನ್ನ ಮಿಷನ್ ಬೆಳಕಿಗೆ ಅಂತ ಕಿಟಕಿ ಪಕ್ಕಾನೇ ಇರೋದ್ರಿಂದ ಮನೇಲಿದ್ರೂ ಸನ್‌ಸ್ಕ್ರೀನ್ ಹಚ್ತೀನಿ, ಎಸ್‌ಪಿಎಫ್ 30ಕ್ಕೆ ಮೇಲೆ, ಎರಡು ಬೆರಳುದ್ದ ತಗೊಂಡು ಮುಖ ಕತ್ತು ಎರಡಕ್ಕೂ. ಕಡಲೆಹಿಟ್ಟು ಮೊಸರು ಹಚ್ಚೋದು ತಂಪಿಗೆ ಓಕೆ, ಆದ್ರೆ ಒಣಗಿ ಬಿರಿಯೋವರೆಗೂ ಬಿಟ್ಟು ಆಮೇಲೆ ಉಜ್ಜಿ ಉದುರಿಸ್ಬೇಡಿ, ಹಸಿ ಇದ್ದಾಗ್ಲೇ ತೊಳ್ಕೊಳಿ. ಇನ್ನೊಂದು, ಮೆಡಿಕಲ್ ಶಾಪಲ್ಲಿ ಬೆಳ್ಳಗಾಗೋಕೆ ಕ್ರೀಮ್ ಕೊಡಿ ಅಂತ ಕೇಳ್ಬೇಡಿ. ಅದ್ರಲ್ಲಿ ಮೊಮೆಟಾಸೋನ್, ಬೀಟಾಮೆಥಾಸೋನ್ ಅಂತ ಬರೆದಿದ್ರೆ ಅದು ಸ್ಟೀರಾಯ್ಡ್. ಹಚ್ಚಿದ ಹೊಸತರಲ್ಲಿ ಮುಖ ಫಳಫಳ, ಬಿಟ್ಟ ಮೇಲೆ ಕೆಂಪು, ಉರಿ, ಮೊಡವೆ, ಮುಖದ ಮೇಲೆ ಕೂದಲು. 2018ರಲ್ಲೇ ಕೇಂದ್ರ ಸರ್ಕಾರ ಇಂಥಾ ಸ್ಟೀರಾಯ್ಡ್ ಕ್ರೀಮ್‌ಗಳನ್ನ ಡಾಕ್ಟ್ರ ಚೀಟಿ ಇಲ್ದೆ ಮಾರಬಾರ್ದು ಅಂತ ಮಾಡಿದೆ, ಆದ್ರೂ ನನ್ನ ಕಸ್ಟಮರ್ಸ್ ಪರ್ಸಲ್ಲಿ ಟ್ಯೂಬ್ ಕಾಣ್ತಾನೇ ಇರತ್ತೆ. ಹಣೆ ಸ್ಟಿಕ್ಕರ್ ಇಡೋ ಜಾಗ ಕೆರೆತ ಬಂದ್ರೆ, ಬಿಳಿ ಆಗ್ತಿದ್ರೆ ಸ್ಟಿಕ್ಕರ್ ಬಿಡಿ ಮೊದ್ಲು, ಕೆಲವು ಅಂಟಲ್ಲಿರೋ ಕೆಮಿಕಲ್ ಚರ್ಮದ ಬಣ್ಣಾನೇ ತಿಂದುಹಾಕತ್ತೆ.

ಕೂದಲು. ನಮ್ಮೂರ ಕಡೆ ಬೋರ್ ನೀರು ಗಡಸು, ಸೋಪು ನೊರೆ ಬರಲ್ಲ, ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಜಿಗುಟು ಪೊರೆ ತರ ತಲೇಲಿ ಕೂರತ್ತೆ. ಸೀಗೆಪುಡಿಗೆ ಆ ತೊಂದ್ರೆ ಅಷ್ಟಿಲ್ಲ. ನಾನು ವಾರಕ್ಕೊಂದ್ಸಲ ಕೊಬ್ಬರಿ ಎಣ್ಣೆ ಹಚ್ಚಿ ಸೀಗೆಪುಡಿ, ದಾಸವಾಳದ ಎಲೆ ಕಿವುಚಿದ ಲೋಳೆ, ಮಧ್ಯೆ ಒಂದ್ಸಲ ಶಾಂಪೂ, ಕೊನೇ ಚೊಂಬಿಗೆ ಫಿಲ್ಟರ್ ನೀರು. ಹೊಟ್ಟು ಇರೋರು ಎಣ್ಣೆ ಕಮ್ಮಿ ಮಾಡಿ, ಹೊಟ್ಟಿಗೆ ಕಾರಣ ಆಗೋ ಫಂಗಸ್‌ಗೆ ಎಣ್ಣೇನೇ ಊಟ, ಕೀಟೋಕೊನಜೋಲ್ ಶಾಂಪೂ ಹಚ್ಚಿ ಐದು ನಿಮಿಷ ಬಿಟ್ಟು ತೊಳೀರಿ. ಆದ್ರೆ ಬಾಚಣಿಗೇಲಿ ಗೊಂಚಲು ಗೊಂಚಲು ಬರ್ತಿದ್ರೆ ಎಣ್ಣೆ ಬದಲಾಯಿಸಿ ಪ್ರಯೋಜ್ನ ಇಲ್ಲ, ರಕ್ತ ಚೆಕ್ ಮಾಡ್ಸಿ. ಹೆರಿಗೆ, ಟೈಫಾಯ್ಡ್, ಡೆಂಗ್ಯೂ ಆಗಿ ಎರಡು ಮೂರು ತಿಂಗಳಿಗೆ ಉದುರೋದು ತಾನಾಗೇ ನಿಲ್ಲತ್ತೆ. ನಿಲ್ಲದೇ ಇದ್ರೆ ಥೈರಾಯ್ಡ್, ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಂಶ ಎಷ್ಟಿದೆ ಅಂತ ತೋರಿಸೋದು) ನೋಡ್ಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೇಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8 ಜನಕ್ಕೆ ರಕ್ತಹೀನತೆ, ಅಂದ್ರೆ ನನ್ನ ಮನೆಗೆ ಬ್ಲೌಸ್ ಕೊಡೋಕೆ ಬರೋ ಇಬ್ರಲ್ಲಿ ಒಬ್ರಿಗೆ ಹತ್ತಿರ ಹತ್ತಿರ. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ರೆ ಸೊಪ್ಪು ಒಂದೇ ಸಾಕಾಗಲ್ಲ, ಮಾತ್ರೆ ಕೇಳಿ ತಗೊಳಿ, ಮತ್ತೆ ಊಟದ ಹಿಂದೆ ಮುಂದೆ ಒಂದು ಗಂಟೆ ಕಾಫಿ ಟೀ ಬೇಡ, ಕಬ್ಬಿಣದ ಅಂಶ ಮೈಗೆ ಹತ್ತೋಕೇ ಬಿಡಲ್ಲ ಅವು. ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡಿ. ನಿಂಬೆಹಣ್ಣು ಇರ್ಬೇಕಾದ ಜಾಗ ಅದು, ಮುಖ ಅಲ್ಲ.

ಲಾಡಿ ವಿಷ್ಯ ಮರೆಯೋಕ್ಮುಂಚೆ ಹೇಳ್ತೀನಿ. ಸೊಂಟದ ಸುತ್ತ ಕಪ್ಪು ಗೆರೆ, ಕೆರೆತ ಇರೋರು ಸಣ್ಣ ದಾರದ ಲಾಡಿ ಬಿಟ್ಟು ಎರಡು ಇಂಚು ಅಗಲದ ಪಟ್ಟಿ ಹಾಕ್ಸಿ, ದಿನಾ ಅದೇ ಜಾಗಕ್ಕೆ ಬಿಗೀಬೇಡಿ, ಮನೇಲಿದ್ದಾಗ ನೈಟಿ ಹಾಕಿ ಚರ್ಮಕ್ಕೆ ಗಾಳಿ ಬಿಡಿ. ಅಲ್ಲಿ ಹುಣ್ಣಾಗಿ ವಾಸಿ ಆಗ್ತಿಲ್ಲ ಅಂದ್ರೆ ಡಾಕ್ಟ್ರಿಗೆ ತೋರ್ಸಿ, ಅಪರೂಪಕ್ಕೆ ಕ್ಯಾನ್ಸರ್‌ಗೂ ತಿರುಗಿರೋದು ಉಂಟು.

ಹಿಮ್ಮಡಿ ಒಡಕಿಗೆ ರಾತ್ರಿ ಉಗುರುಬೆಚ್ಚಗಿನ ನೀರಲ್ಲಿ ಕಾಲು ನೆನೆಸಿ, ಉಜ್ಜೋ ಕಲ್ಲಲ್ಲಿ ಮೆತ್ತಗೆ ತಿಕ್ಕಿ, ಒರೆಸಿ, ಹಸಿ ಇರೋವಾಗ್ಲೇ ವ್ಯಾಸಲೀನ್ ಬಳಿದು ಹತ್ತಿ ಸಾಕ್ಸ್ ಹಾಕಿ ಮಲಗೋದು. ಜಾಸ್ತಿ ಒಡೆದಿದ್ರೆ ಯೂರಿಯಾ ಕ್ರೀಮ್ ಸಿಗತ್ತೆ, ಅದು ಇನ್ನೂ ಬೇಗ. ಶುಗರ್ ಇರೋರು ಮಾತ್ರ ಬ್ಲೇಡಲ್ಲಿ ಕೆತ್ತೋದು, ತುಂಬಾ ಬಿಸಿ ನೀರಿಗೆ ಕಾಲಿಡೋದು ಬೇಡ, ಪಾದಕ್ಕೆ ಸ್ಪರ್ಶ ಕಮ್ಮಿ ಇದ್ರೆ ಸುಟ್ಟಿದ್ದೂ ಗೊತ್ತಾಗಲ್ಲ, ನೀರು ಬಿಸಿ ಇದ್ಯಾ ಅಂತ ಮೊದ್ಲು ಮೊಣಕೈ ಇಟ್ಟು ನೋಡಿ, ಇಲ್ಲಾ ಮನೇಲಿ ಬೇರೆ ಯಾರಿಗಾದ್ರೂ ನೋಡೋಕೆ ಹೇಳಿ.